ಚಳಿಗಾಲದ ಕೈತೋಟ: ನೀರೆರೆಯುವ ಕೈಗೆ ಹಿಡಿತವಿರಲಿ

ಬೆಂಗಳೂರು, ಮೈಸೂರು, ತುಮಕೂರುಗಳ ಬಯಲುಸೀಮೆಯಲ್ಲಿ ಹಿಮ ಬೀಳುವುದಿಲ್ಲ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶವೇ 1884ರ ಜನವರಿಯ 7.8 ಡಿಗ್ರಿ ಸೆಲ್ಸಿಯಸ್. ಆದುದರಿಂದ ಇಲ್ಲಿ ಕೈತೋಟವನ್ನು ಚಳಿಗಾಲಕ್ಕೆ ಸಜ್ಜುಗೊಳಿಸುವುದೆಂದರೆ ಹಿಂಗಾರಿನ ತೇವದಿಂದ ಮಾಗಿಯ ಒಣಹವೆಗೆ ಗಿಡಗಳನ್ನು ಸುರಕ್ಷಿತವಾಗಿ ದಾಟಿಸುವುದು. ಇದಕ್ಕೆ ಕಾರ್ತಿಕ ಮಾಸ ತಕ್ಕ ಕಾಲ.

1. ಪಾತಿಯ ಸಿದ್ಧತೆ: ಮುಗಿದ ಬೆಳೆಯನ್ನು ಬೇರುಸಹಿತ ಕಿತ್ತು, ರೋಗ ತಗುಲಿದ ಎಲೆಗಳನ್ನು ಗೊಬ್ಬರದ ಗುಂಡಿಗೆ ಸೇರಿಸದೆ ಹೊರಹಾಕಿ, ಮಳೆಯ ಹೊಡೆತಕ್ಕೆ ಗಟ್ಟಿಯಾದ ಮೇಲ್ಮಣ್ಣನ್ನು ಸಡಿಲಿಸಿ, ಚದರ ಮೀಟರಿಗೆ ಸುಮಾರು 2 ಕಿಲೋ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಬೇಕು. ಹಸಿ ಸಗಣಿ ಸಲ್ಲದು. ಅದು ಬೇರು ಕಡಿಯುವ ಗೊಣ್ಣೆಹುಳುವಿಗೆ ಆಹ್ವಾನ.

2. ಬಿತ್ತನೆ: ಮೂಲಂಗಿ, ಕ್ಯಾರೆಟ್, ಬೀಟ್‌ರೂಟ್‌ಗಳನ್ನು ಪಾತಿಯಲ್ಲೇ ಬಿತ್ತಬೇಕು, ಹೂಕೋಸು, ಎಲೆಕೋಸುಗಳನ್ನು ಸುಮಾರು ನಾಲ್ಕು ವಾರದ ಸಸಿಯಾದ ಮೇಲೆ ನೆಡಬೇಕು. ಹಗಲು ಕುಗ್ಗಿದಾಗ ಮಾತ್ರ ಹೂಬಿಡುವ ನಾಟಿ ಅವರೆಯನ್ನು ಈಗ ಬಿತ್ತಿದರೆ, ಬಳ್ಳಿ ಹಬ್ಬುವ ಮೊದಲೇ ಹೂ ಮೂಡಿ ಇಳುವರಿ ಕುಸಿಯುತ್ತದೆ. ಈ ಗುಣವಿಲ್ಲದ ಹೆಬ್ಬಾಳ ಅವರೆಯ ತಳಿಗಳನ್ನು ಆರಿಸಿಕೊಳ್ಳುವುದು ಲೇಸು.

3. ನೀರು: ಚಳಿಗಾಲದಲ್ಲಿ ಮನೆಯಂಗಳದ ಗಿಡಗಳು ಸಾಯುವುದು ಬಹುಪಾಲು ಚಳಿಯಿಂದಲ್ಲ, ನೀರಿನಿಂದ. ತಂಪಿನಲ್ಲಿ ಎಲೆಗಳ ಮೂಲಕ ನೀರು ಆವಿಯಾಗಿ ಹೋಗುವ ಕ್ರಿಯೆ, ಅಂದರೆ ಬಾಷ್ಪವಿಸರ್ಜನೆ, ನಿಧಾನವಾಗುವುದರಿಂದ ಬೇರು ಹೀರುವ ನೀರೂ ಕಡಿಮೆಯಾಗುತ್ತದೆ. ಆದರೆ ಒಣಗಾಳಿಗೆ ಮೇಲ್ಮಣ್ಣು ಬೇಗನೆ ಬಿಳಿಚಿಕೊಳ್ಳುವುದನ್ನು ಕಂಡವರು ಒಳಗೆ ತೇವವಿದ್ದರೂ ಮತ್ತೆ ನೀರೆರೆಯುತ್ತಾರೆ. ಮಣ್ಣಿನ ರಂಧ್ರಗಳಲ್ಲಿ ನೀರೇ ತುಂಬಿ ಗಾಳಿಯಿಲ್ಲದಾಗ ಬೇರು ಕೊಳೆಯುತ್ತದೆ, ಕೊಳೆತ ಬೇರು ನೀರನ್ನು ಮೇಲೇರಿಸಲಾರದೆ ಎಲೆ ಜೋಲುತ್ತದೆ, ಜೋತ ಎಲೆಯನ್ನು ಬಾಯಾರಿಕೆಯೆಂದು ತಿಳಿದು ಇನ್ನೊಂದು ಚೊಂಬು ಸುರಿಯಲಾಗುತ್ತದೆ. ತುಳಸಿಕಟ್ಟೆಯ ಗಿಡ ಪುಷ್ಯಮಾಸದಲ್ಲಿ ಒಣಗುವುದಕ್ಕೆ ಮನೆಮಂದಿ ಚಳಿಯನ್ನೋ ದೋಷವನ್ನೋ ಕಾರಣವಾಗಿ ಹೇಳುವುದುಂಟು. ಎಷ್ಟೋ ಬಾರಿ ನಿಜವಾದ ಕಾರಣ ಭಕ್ತಿಯಿಂದ ನಿತ್ಯ ಸುರಿದ ನೀರೇ ಆಗಿರುತ್ತದೆ. ಪೂಜೆಗೆ ಉದ್ಧರಣೆಯಷ್ಟು ನೀರು ಸಾಕು.

ಎರಡು ಅಂಗುಲ ಆಳಕ್ಕೆ ಬೆರಳಿಳಿಸಿ, ಮಣ್ಣು ಬೆರಳಿಗೆ ಅಂಟದಿದ್ದರೆ ಮಾತ್ರ ನೀರು ಕೊಡಬೇಕು. ಹೊಸ ಬಿತ್ತನೆಯ ಪಾತಿಯೊಂದೇ ಇದಕ್ಕೆ ಅಪವಾದ, ಮೊಳಕೆ ಮೂಡುವವರೆಗೆ ಅದರ ಮೇಲ್ಮಣ್ಣು ಒಣಗಬಾರದು. ನೀರೆರೆಯಲು ಬೆಳಗಿನ ಬಿಸಿಲೇರುವ ಹೊತ್ತು ಪ್ರಶಸ್ತ, ಏಕೆಂದರೆ ಸಂಜೆ ನೆನೆದ ಎಲೆ ಇಬ್ಬನಿಯೂ ಸೇರಿ ಮರುದಿನದವರೆಗೆ ಆರದೆ ಎಲೆಚುಕ್ಕೆ ರೋಗಕ್ಕೆ ತವರಾಗುತ್ತದೆ. ಕುಂಡದ ತಳದ ತೂತು ಕಟ್ಟಿದೆಯೇ ಎಂದು ನೋಡಿ, ಅಡಿಯ ತಟ್ಟೆಯನ್ನು ತೆಗೆದುಬಿಡುವುದು ಒಳಿತು.

4. ಸವರುವಿಕೆ: ಮಲ್ಲಿಗೆಯನ್ನು ನವೆಂಬರ್ ಕೊನೆಯ ವಾರದಲ್ಲಿ ನೆಲದಿಂದ ಸುಮಾರು 50 ಸೆಂಟಿಮೀಟರ್ ಎತ್ತರಕ್ಕೆ ಸವರಬೇಕು. ಗುಲಾಬಿಯ ಒಣ ಮತ್ತು ರೋಗದ ಕೊಂಬೆಗಳನ್ನು ತೆಗೆಯಬೇಕು. ಎಲೆಗಳ ಮೇಲೆ ಬಿಳಿ ಹುಡಿಯಂತೆ ಹರಡುವ ಬೂದಿರೋಗ ಕಂಡರೆ ನೀರಿನಲ್ಲಿ ಕರಗುವ ಗಂಧಕವನ್ನು ಪೊಟ್ಟಣದ ಮೇಲಿನ ಪ್ರಮಾಣದಂತೆ ಸಿಂಪಡಿಸಬೇಕು. ಸವರಿದ ಗಿಡದಲ್ಲಿ ಎಲೆಯೇ ಕಡಿಮೆಯಿರುವುದರಿಂದ, ಚಿಗುರು ಬರಲೆಂದು ನೀರು ಹೆಚ್ಚಿಸಬಾರದು.