ಧೂಳು, ಇಬ್ಬನಿ ಮತ್ತು ಪಿಂಗಾಣಿಯ ಬಿಲ್ಲೆ

ಚಳಿಗಾಲದ ಮುಂಜಾವಿನಲ್ಲಿ ಉಚ್ಚ ಒತ್ತಡದ ವಿದ್ಯುತ್ ಗೋಪುರದ ಹತ್ತಿರ ಹಾದುಹೋಗುವವರಿಗೆ ಮೇಲಿನಿಂದ ಚುರುಚುರು ಸದ್ದು ಕೇಳಿಬರುವುದುಂಟು. ಇನ್ನೂ ಕತ್ತಲೆಯಿದ್ದರೆ ಪಿಂಗಾಣಿಯ ಬಿಲ್ಲೆಗಳ ಮೇಲೆ ನೀಲಿ ಕಿಡಿಗಳೂ ಕಾಣಬಹುದು. ಬಿಸಿಲೇರಿ ಇಬ್ಬನಿ ಆರಿದೊಡನೆ ಎಲ್ಲವೂ ಶಾಂತವಾಗುತ್ತದೆ. ಇದಕ್ಕೆ ಕಾರಣವೇನು?

ಗೋಪುರವು ಉಕ್ಕಿನದು, ಉಕ್ಕು ವಿದ್ಯುದ್ವಾಹಕ. ತಂತಿಯಲ್ಲಿನ ವಿದ್ಯುತ್ತು ಗೋಪುರದ ಮೂಲಕ ಭೂಮಿಗೆ ಇಳಿಯದಂತೆ ಅವೆರಡರ ನಡುವೆ ಅವಾಹಕ ಬಿಲ್ಲೆಗಳ ಸರವನ್ನು ತೂಗುಬಿಡುತ್ತಾರೆ. ಶುದ್ಧವೂ ಶುಷ್ಕವೂ ಆದ ಸಾಮಾನ್ಯ ಬಿಲ್ಲೆಯೊಂದು ಪರೀಕ್ಷೆಯಲ್ಲಿ ಒಂದು ನಿಮಿಷದ ಕಾಲ ಸುಮಾರು 70 ಕಿಲೋವೋಲ್ಟ್ ಒತ್ತಡವನ್ನು ತಾಳಬಲ್ಲದು. ಮಳೆಯಲ್ಲಿ ಸುಮಾರು 40. ಉತ್ತರ ಕರ್ನಾಟಕದಲ್ಲಿ ಬಳಕೆಯಲ್ಲಿರುವ 110 ಕಿಲೋವೋಲ್ಟ್ ಮಾರ್ಗದಲ್ಲಿ ತಂತಿಗೂ ಭೂಮಿಗೂ ನಡುವಿನ ಒತ್ತಡ ಸುಮಾರು 63.5 ಕಿಲೋವೋಲ್ಟ್. ಏಳು ಬಿಲ್ಲೆಗಳಿದ್ದರೆ ಒಂದೊಂದರ ಪಾಲಿಗೆ ಬರುವುದು ಸರಾಸರಿ 9 ಮಾತ್ರ. ಆದರೂ ಬಿಲ್ಲೆ ತೀರ ಮಲಿನವಾಗಿದ್ದರೆ ಇಷ್ಟು ಅಲ್ಪ ಒತ್ತಡಕ್ಕೂ ಅದು ಸೋಲುತ್ತದೆ!

ಬಾಗಲಕೋಟೆ ಸೀಮೆಯನ್ನೇ ನೋಡೋಣ. ಬಾದಾಮಿಯದು ಮರಳುಗಲ್ಲಿನ ನಾಡು. ಇಳಕಲ್ಲಿನಲ್ಲಿ ಕೆಂಪು ಗ್ರಾನೈಟನ್ನು ಕೊಯ್ಯುತ್ತಾರೆ. ಬಾಗಲಕೋಟೆಯ ಸುತ್ತ ಸುಣ್ಣಗಲ್ಲೂ ಸಿಮೆಂಟೂ ಉಂಟು. ಹುನಗುಂದದ ಎರೆಭೂಮಿಯಲ್ಲಿ ಬೇಸಿಗೆಯ ಗಾಳಿಗೆ ಮಣ್ಣು ಏಳುತ್ತದೆ. ಬಿಲ್ಲೆಗಳನ್ನು ತೊಳೆಯುವ ಮಳೆಯೋ ವರ್ಷದಲ್ಲಿ ಕೆಲವೇ ತಿಂಗಳು. ಒಣ ಧೂಳಿನಿಂದ ಅಷ್ಟೇನೂ ಅಪಾಯವಿಲ್ಲ. ಇಬ್ಬನಿ ಬಿದ್ದಾಗ ಧೂಳಿನಲ್ಲಿರುವ ಲವಣಗಳು ಕರಗಿ ತೆಳುವಾದ ವಾಹಕ ಪದರವುಂಟಾಗುತ್ತದೆ. ಕರಗದ ಕಲ್ಲಿನ ಪುಡಿಯು ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ. ಪದರದಲ್ಲಿ ಹರಿಯುವ ಪ್ರವಾಹದಿಂದ ಶಾಖವುಂಟಾಗಿ ಅಲ್ಲಲ್ಲಿ ಒಣ ಪಟ್ಟಿಗಳು ಏರ್ಪಡುತ್ತವೆ. ಒತ್ತಡದ ಬಹುಭಾಗ ಆ ಕಿರಿದಾದ ಪಟ್ಟಿಯ ಮೇಲೆಯೇ ಬಿದ್ದು ಅಲ್ಲಿ ಕಿಡಿ ಹಾರುತ್ತದೆ. ಕಿಡಿಗಳು ಬೆಳೆದು ಸರದ ಒಂದು ತುದಿಯಿಂದ ಇನ್ನೊಂದು ತುದಿಗೆ ಸೇತುವೆ ಕಟ್ಟಿದರೆ ಅದೇ ಫ್ಲ್ಯಾಷೋವರ್. ಒಡನೆಯೇ ಮಾರ್ಗ ಕಡಿದುಹೋಗಿ ಆಸ್ಪತ್ರೆ, ಪಂಪುಸೆಟ್ಟು, ಕಲ್ಲು ಕೊಯ್ಯುವ ಯಂತ್ರಗಳೆಲ್ಲ ನಿಲ್ಲುತ್ತವೆ.

ಇದನ್ನು ಮೊದಲೇ ಅರಿಯುವ ಬಗೆ ಹೇಗೆ? ಪ್ರಕೃತಿ ತಿಂಗಳುಗಟ್ಟಲೆ ಮಾಡುವ ಕೆಲಸವನ್ನು ಎಂಜಿನಿಯರು ಪ್ರಯೋಗಶಾಲೆಯಲ್ಲಿ ಒಂದೇ ದಿನದಲ್ಲಿ ಮಾಡುತ್ತಾನೆ. ಒಂದು ಲೀಟರು ನೀರಿಗೆ 40 ಗ್ರಾಂ ಕೇಯೋಲಿನ್ ಜೇಡಿಮಣ್ಣನ್ನೂ ಬೇಕಾದಷ್ಟು ಉಪ್ಪನ್ನೂ ಕಲಸಿ ಬಿಲ್ಲೆಗಳಿಗೆ ಲೇಪಿಸಿ ಒಣಗಿಸುತ್ತಾನೆ. ಬಳಿಕ ಅವನ್ನು ಮುಚ್ಚಿದ ಕೋಣೆಯಲ್ಲಿ ತೂಗುಹಾಕಿ, ಹಬೆಯಿಂದ ಮಂಜು ಕವಿಸಿ, ಒತ್ತಡ ಕೊಡುತ್ತಾನೆ. ಬಿಲ್ಲೆ ತಾಳಿಕೊಂಡರೆ ಮುಂದಿನ ಸಲ ಒತ್ತಡವನ್ನು ಒಂದು ಮೆಟ್ಟಿಲು ಏರಿಸುತ್ತಾನೆ. ಸೋತರೆ ಒಂದು ಮೆಟ್ಟಿಲು ಇಳಿಸುತ್ತಾನೆ. ಹೀಗೆ ಹಲವು ಸಲ ಏರಿಳಿಸಿದಾಗ, ನೂರಕ್ಕೆ ಐವತ್ತು ಸಲ ಸೋಲುವ ಒತ್ತಡ ಯಾವುದೆಂದು ಗೊತ್ತಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಚ್ಚ ಒತ್ತಡದ ಸಂಶೋಧನೆ ದೀರ್ಘಕಾಲದಿಂದ ನಡೆದು ಬಂದಿದೆ. 1960ರಲ್ಲಿ ಅದೇ ನಗರದಲ್ಲಿ ಸ್ಥಾಪಿತವಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯು ವಿದ್ಯುತ್ ಉಪಕರಣಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುತ್ತದೆ.

ಪರೀಕ್ಷೆಗಳಿಂದಲೂ ಅನುಭವದಿಂದಲೂ ದೊರೆತ ತಿಳಿವಳಿಕೆ ಮಾರ್ಗ ಕಟ್ಟುವವರಿಗೆ ಲೆಕ್ಕವಾಗಿ ಒದಗುತ್ತದೆ. 1986ರ ಅಂತರರಾಷ್ಟ್ರೀಯ ಮಾರ್ಗದರ್ಶಿಯಂತೆ, ವ್ಯವಸ್ಥೆಯ ಗರಿಷ್ಠ ಒತ್ತಡದ ಪ್ರತಿಯೊಂದು ಕಿಲೋವೋಲ್ಟಿಗೂ ಬಿಲ್ಲೆಗಳ ಮೈಮೇಲಿನ ದಾರಿಯು ಶುಭ್ರ ಪ್ರದೇಶದಲ್ಲಿ 16 ಮಿಲಿಮೀಟರ್, ಹೆಚ್ಚು ಮಲಿನವಾದ ಪ್ರದೇಶದಲ್ಲಿ 25 ಮಿಲಿಮೀಟರ್ ಇರಬೇಕು. 110 ಕಿಲೋವೋಲ್ಟ್ ಮಾರ್ಗದ ಗರಿಷ್ಠ ಒತ್ತಡ 123. ಆದುದರಿಂದ ಬೇಕಾಗುವ ದಾರಿ ಕ್ರಮವಾಗಿ 1,968 ಮತ್ತು 3,075 ಮಿಲಿಮೀಟರ್. ಒಂದು ಬಿಲ್ಲೆಯ ಅಂಕುಡೊಂಕು ಮೈಯಲ್ಲಿ ಸುಮಾರು 290 ಮಿಲಿಮೀಟರ್ ದಾರಿ ಸಿಗುವುದಾದರೆ, ಮೊದಲನೆಯ ಕಡೆ 7 ಬಿಲ್ಲೆ ಸಾಕು. ಎರಡನೆಯ ಕಡೆ 11 ಬೇಕು. ಈ ಮಾರ್ಗದರ್ಶಿ ಮುಂದೆ ಪರಿಷ್ಕೃತವಾಗಿ ಎಣಿಕೆಯ ಕ್ರಮ ಬದಲಾಯಿತು. ಆದರೆ ಧೂಳು ಹೆಚ್ಚಿದಷ್ಟೂ ದಾರಿ ಉದ್ದವಾಗಬೇಕೆಂಬ ತತ್ತ್ವ ಬದಲಾಗಿಲ್ಲ. ಬಿಲ್ಲೆ ಹೆಚ್ಚಿಸಲು ಎಡೆಯಿಲ್ಲದಿದ್ದರೆ ಅವುಗಳನ್ನು ಆಗಾಗ ತೊಳೆಯುತ್ತಾರೆ, ಇಲ್ಲವೆ ನೀರು ಹತ್ತದ ಸಿಲಿಕೋನ್ ಲೇಪವನ್ನು ಬಳಿಯುತ್ತಾರೆ.

ವಿದ್ಯಾರ್ಥಿಗಳೇ, ಮುಂದಿನ ಸಲ ಇಳಕಲ್ಲಿನ ಕಡೆ ಪ್ರಯಾಣ ಮಾಡುವಾಗ ದೊಡ್ಡ ಗೋಪುರಗಳ ಸರಗಳಲ್ಲಿ ಎಷ್ಟು ಬಿಲ್ಲೆಗಳಿವೆಯೆಂದು ಎಣಿಸಿ ನೋಡಿರಿ. ಆದರೆ ಎಣಿಕೆ ರಸ್ತೆಯಿಂದಲೇ ಆಗಲಿ. ಗೋಪುರವನ್ನು ಮುಟ್ಟುವುದಾಗಲಿ ಹತ್ತುವುದಾಗಲಿ ಸರ್ವಥಾ ಕೂಡದು.