ಮೌನಿಯೊಬ್ಬನ ಮಾತು

ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನ ಒಂದು ತರಗತಿಯನ್ನು ಊಹಿಸಿಕೊಳ್ಳಿರಿ. ಪ್ರಶ್ನೆ ಕೇಳಿದೊಡನೆ ಒಬ್ಬ ಬಾಲಕನು ಎದ್ದು ಉತ್ತರಿಸುತ್ತಾನೆ. ಮತ್ತೊಬ್ಬನು ಉತ್ತರ ಬಲ್ಲವನಾದರೂ ತಲೆ ತಗ್ಗಿಸಿ ಕುಳಿತಿರುತ್ತಾನೆ. ಆ ಮೌನಿ ಬದುಕೆಲ್ಲ ಹಾಗೆಯೇ ಉಳಿಯುವನೇ?

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅಂತರ್ಮುಖಿ, ಬಹಿರ್ಮುಖಿ ಎಂಬ ಎರಡು ಬಗೆಯ ಸ್ವಭಾವಗಳನ್ನು ವಿವರಿಸಿದನು. ಬಹುಮಂದಿ ಇವೆರಡರ ನಡುವೆ ಇರುತ್ತಾರೆ. ಸ್ವಭಾವದಲ್ಲಿ ಹುಟ್ಟಿನಿಂದ ಬಂದ ಪಾಲೂ ಉಂಟು, ಬದುಕು ಕಲಿಸಿದ ಪಾಲೂ ಉಂಟು. ಏಕಾಂತವನ್ನು ಬಯಸುವುದು ಅಂತರ್ಮುಖತೆ. ಜನರೆದುರು ಅಂಜುವುದು ಸಂಕೋಚ. ಇವೆರಡೂ ಒಂದೇ ಅಲ್ಲ.

ಗಾಂಧೀಜಿಯವರ ಬಾಳು ಇದಕ್ಕೆ ನಿದರ್ಶನ. ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರು ತಾವೇ ಬರೆದ ಭಾಷಣವನ್ನು ಓದಲಾರದೆ ಬೇರೊಬ್ಬರಿಂದ ಓದಿಸಿದರು. ಮುಂಬಯಿಯ ನ್ಯಾಯಾಲಯದಲ್ಲಿ ತಮ್ಮ ಮೊದಲ ಮೊಕದ್ದಮೆಯಲ್ಲಿ ಸಾಕ್ಷಿಗಳನ್ನು ಪಾಟೀಸವಾಲು ಮಾಡಲು ಎದ್ದವರು ಮಾತು ಹೊರಡದೆ ಕುಳಿತುಬಿಟ್ಟರು. 1893ರಲ್ಲಿ ದಕ್ಷಿಣ ಆಫ್ರಿಕದಲ್ಲಿ, ಮೊದಲನೆಯ ದರ್ಜೆಯ ಟಿಕೆಟ್ಟು ಕೈಯಲ್ಲಿದ್ದರೂ, ಮೈಬಣ್ಣದ ಕಾರಣಕ್ಕೆ ಅವರನ್ನು ರೈಲಿನಿಂದ ಹೊರದೂಡಿದರು. ಚಳಿಯಲ್ಲಿ ನಡುಗುತ್ತ ನಿಲ್ದಾಣದಲ್ಲಿ ಕಳೆದ ಆ ರಾತ್ರಿ, ಊರಿಗೆ ಮರಳುವುದೋ ಹಕ್ಕಿಗಾಗಿ ಹೋರಾಡುವುದೋ ಎಂದು ಚಿಂತಿಸಿದರು. ಕೆಲವೇ ದಿನಗಳಲ್ಲಿ ಪ್ರಿಟೋರಿಯದಲ್ಲಿ ಭಾರತೀಯರನ್ನು ಕೂಡಿಸಿ, ತಮ್ಮ ಬಾಳಿನ ಮೊದಲ ಸಾರ್ವಜನಿಕ ಭಾಷಣ ಮಾಡಿದರು. 1924ರಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷ ಪೀಠವನ್ನೇರಿದವರು ಅವರೇ.

ಆದರೂ ಅವರು ವಾಚಾಳಿಯಾಗಲಿಲ್ಲ. ಮುಂದೆ ಸೋಮವಾರವನ್ನು ಮೌನದ ದಿನವನ್ನಾಗಿ ಪಾಲಿಸಿದರು. ಸಂಕೋಚವೇ ತಮಗೆ ಮಿತಭಾಷಣವನ್ನು ಕಲಿಸಿತೆಂದು ಆತ್ಮಕಥೆಯಲ್ಲಿ ನೆನೆದರು. ಅನುಭವವು ಅವರ ಅಂಜಿಕೆಯನ್ನು ಕಳೆಯಿತು, ಮೌನಪ್ರಿಯತೆಯನ್ನು ಕಳೆಯಲಿಲ್ಲ. ತಲೆ ತಗ್ಗಿಸಿ ಕುಳಿತ ಬಾಲಕನು ತನ್ನ ಸ್ವಭಾವವನ್ನು ತೊರೆಯಬೇಕಾಗಿಲ್ಲ. ಮಾತು ಕರ್ತವ್ಯವಾದ ಗಳಿಗೆಯಲ್ಲಿ ಎದ್ದುನಿಂತರೆ ಸಾಕು.