ರದ್ದಿ ಕಾಗದದ ಲೆಕ್ಕ: ಯಾವ ದೇಶ ಮುಂದೆ?

ಗಾಂಧಿ ಬಜಾರಿಗೆ ನೀವು ತಂದ ಸೇವಂತಿಗೆಯನ್ನು ಅಂಗಡಿಯವರು ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ ಗಿರಾಕಿಗೆ ಕೊಡುವುದನ್ನು ನೋಡಿರುತ್ತೀರಿ. ಕಾರ್ತಿಕದ ಕಡಲೆಕಾಯಿ ಪರಿಷೆಯಲ್ಲಂತೂ ಬಸವನಗುಡಿಯ ತುಂಬ ಕಾಗದದ ಪೊಟ್ಟಣಗಳು. ಹೀಗೆ ಎರಡನೆಯ ಸಲ ಉಪಯೋಗವಾಗಿ ಕಸಕ್ಕೆ ಸೇರಿದ ಕಾಗದ ಕಾರ್ಖಾನೆಯ ಲೆಕ್ಕಕ್ಕೆ ಬರುವುದಿಲ್ಲ. ಅದೇ ಪತ್ರಿಕೆಯನ್ನು ಮನೆಯವರು ಹಳೇ ಪೇಪರ್ ಅಂಗಡಿಗೆ ತೂಕಕ್ಕೆ ಹಾಕಿ, ಅಲ್ಲಿಂದ ಅದು ಕಾಗದದ ಕಾರ್ಖಾನೆಗೆ ಹೋದರೆ ಮಾತ್ರ ‘ರದ್ದಿ ಕಾಗದದ ಉತ್ಪಾದನೆ’ ಎನಿಸಿಕೊಳ್ಳುತ್ತದೆ. ಉತ್ಪಾದನೆ ಎಂಬ ಮಾತು ಇಲ್ಲಿ ವಿಚಿತ್ರವೇ ಸರಿ. ರದ್ದಿಯನ್ನು ಯಾರೂ ತಯಾರಿಸುವುದಿಲ್ಲ, ಕೂಡಿಹಾಕುತ್ತಾರೆ ಅಷ್ಟೆ.

ಈ ಲೆಕ್ಕದಿಂದ ರೈತನಿಗೇನು ಎಂದು ನೀವು ಕೇಳಬಹುದು. ಕಾಗದಕ್ಕೆ ಬೇಕಾದ ನಾರು ಮರದಿಂದ ಬರುತ್ತದೆ, ಕಬ್ಬಿನ ಸಿಪ್ಪೆಯಿಂದ ಬರುತ್ತದೆ, ರದ್ದಿಯಿಂದಲೂ ಬರುತ್ತದೆ. ‘ಕಾಗದದ ಬೇಡಿಕೆ ವರ್ಷಕ್ಕೆ ಇಷ್ಟು ಶೇಕಡಾ ಏರುತ್ತಿದೆ, ಸರ್ವೆ ಹಾಕಿ, ಹೆಬ್ಬೇವು ಹಾಕಿ’ ಎಂದು ಹೇಳುವವರು ನಿಮ್ಮ ಬಾಗಿಲಿಗೂ ಬಂದಾರು. ಮರ ನೆಟ್ಟ ಹೊಲ ನಾಲ್ಕಾರು ವರ್ಷ ಬೇರೆ ಬೆಳೆಗೆ ಸಿಗದು. ಆದ್ದರಿಂದ ಆ ಶೇಕಡಾವನ್ನು ಒಡೆದು ನೋಡುವುದು ಅವಶ್ಯ.

ರಾಗಿಯ ಲೆಕ್ಕವನ್ನೇ ತೆಗೆದುಕೊಳ್ಳಿ. ಎಕರೆಗೆ 4 ಕ್ವಿಂಟಲ್ ಬೆಳೆಯುತ್ತಿದ್ದವನು 8 ಕ್ವಿಂಟಲ್ ಬೆಳೆದರೆ ಹೆಚ್ಚಳ ಶೇಕಡಾ 100. ಅವನ ನೆರೆಯವನು 15ರಿಂದ 20ಕ್ಕೆ ಏರಿದರೆ ಶೇಕಡಾ 33 ಮಾತ್ರ. ಆದರೆ ಕಣದಲ್ಲಿ ಹೆಚ್ಚಾಗಿ ಬಿದ್ದ ರಾಗಿ ಮೊದಲನೆಯವನದು 4 ಕ್ವಿಂಟಲ್, ಎರಡನೆಯವನದು 5. ದೇಶಗಳ ವಿಷಯದಲ್ಲೂ ಹಾಗೆಯೇ. ನಿನ್ನೆ ಮೊನ್ನೆ ಸಂಗ್ರಹ ಆರಂಭಿಸಿದ ದೇಶದ ಶೇಕಡಾವಾರು ಬೆಳವಣಿಗೆ ಕಣ್ಣು ಕುಕ್ಕುತ್ತದೆ, ಟನ್ನಿನಲ್ಲಿ ಅದು ಅಲ್ಪವಿರಬಹುದು. ಇನ್ನೊಂದು ಮಾತು. ಹತ್ತು ವರ್ಷಗಳಲ್ಲಿ ದ್ವಿಗುಣವಾದರೆ ವರ್ಷಕ್ಕೆ ಶೇಕಡಾ 10ರಂತೆ ಬೆಳೆಯಿತೆಂದು ಹೇಳುವುದುಂಟು. ಅದು ತಪ್ಪು. ಚಕ್ರಬಡ್ಡಿಯಂತೆ ಲೆಕ್ಕ ಹಾಕಿದರೆ ಸುಮಾರು 7 ಬರುತ್ತದೆ.

ಯಾವ ವರ್ಷದಿಂದ ಎಣಿಸಿದರು ಎಂಬುದೂ ಮುಖ್ಯ. 2023ರ ಬರದ ಇಳುವರಿಗೆ 2024ರದನ್ನು ಹೋಲಿಸಿದರೆ ಎಲ್ಲರೂ ಪ್ರಗತಿಪರ ರೈತರೇ. 2020ರಲ್ಲಿ ಕೊರೋನಾದಿಂದ ಶಾಲೆ, ಕಚೇರಿ, ಮುದ್ರಣಾಲಯಗಳು ಮುಚ್ಚಿದ್ದವು. ಅಲ್ಲಿಂದ ಎಣಿಸಿದ ಏರಿಕೆಯನ್ನು ಅನುಮಾನದಿಂದಲೇ ನೋಡಿ.

ಇನ್ನು ದೇಶಗಳಿಗೆ ಬರೋಣ. ಜಪಾನಿನಲ್ಲಿ ಬಳಸಿದ ಕಾಗದದ ಸುಮಾರು ಶೇಕಡಾ 80 ಭಾಗ ಕಾರ್ಖಾನೆಗೆ ಮರಳುತ್ತದೆ. ಆದರೂ ಅಲ್ಲಿ ಕೂಡಿಬರುವ ರದ್ದಿಯ ಮೊತ್ತ ಇಳಿಯುತ್ತಿದೆ. ಜನ ಕಾಗದ ಬಳಸುವುದೇ ಕಡಿಮೆಯಾಗುತ್ತಿರುವುದು ಇದಕ್ಕೆ ಕಾರಣ. ಬೆಳವಣಿಗೆಯ ಪಟ್ಟಿಯಲ್ಲಿ ಕೆಳಗಿರುವ ಈ ದೇಶ ಸಂಗ್ರಹದ ಶಿಸ್ತಿನಲ್ಲಿ ಮೇಲಿದೆ. ನಮ್ಮಲ್ಲಿ ತಲೆಗೆ ವರ್ಷಕ್ಕೆ ಸುಮಾರು 15 ಕಿಲೊ ಕಾಗದ ಖರ್ಚಾದರೆ ಅಲ್ಲಿ ಅದರ ಹತ್ತುಪಟ್ಟಿಗಿಂತ ಹೆಚ್ಚು. ಭಾರತದಲ್ಲಿ ಬಳಕೆ ಏರುತ್ತಿರುವುದರಿಂದ ರದ್ದಿಯೂ ಏರುತ್ತದೆ. ಆದರೆ ಬಳಸಿದ್ದರಲ್ಲಿ ಅರ್ಧಕ್ಕಿಂತ ಬಹಳ ಕಡಿಮೆ ಮರಳುತ್ತದೆ. ಉಳಿದದ್ದನ್ನು ಪೊಟ್ಟಣ, ಒಲೆ, ಅಟ್ಟ, ತಿಪ್ಪೆಗಳು ಹಂಚಿಕೊಳ್ಳುತ್ತವೆ. ಹೀಗಾಗಿ ನಮ್ಮ ಕಾರ್ಖಾನೆಗಳು ಹೊರದೇಶಗಳಿಂದ ಪ್ರತಿವರ್ಷ ಹತ್ತಾರು ಲಕ್ಷ ಟನ್ ರದ್ದಿ ತರಿಸಿಕೊಳ್ಳುತ್ತವೆ. ಮುದ್ರಿತ ಪತ್ರಿಕೆಯಲ್ಲಿ ತಿನ್ನುವ ಪದಾರ್ಥ ಕಟ್ಟಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿದೆ. ಗಾಂಧಿ ಬಜಾರಿನ ಅಂಗಡಿಗಳೆಲ್ಲ ಅದರಂತೆ ನಡೆದು, ಆ ಪತ್ರಿಕೆಗಳೆಲ್ಲ ರದ್ದಿ ಅಂಗಡಿಗೆ ಹೋದವೆನ್ನಿ. ಯಾರೂ ಒಂದು ಹಾಳೆ ಹೆಚ್ಚು ಬಳಸದಿದ್ದರೂ ದೇಶದ ‘ಉತ್ಪಾದನೆ’ ಏರಿರುತ್ತದೆ!

ಸಂಗ್ರಹಿಸಿದ ದೇಶವೇ ಬಳಸಬೇಕೆಂದೂ ಇಲ್ಲ. 2017ರಲ್ಲಿ ಚೀನಾ ಎರಡೂವರೆ ಕೋಟಿ ಟನ್ನಿನಷ್ಟು ರದ್ದಿಯನ್ನು ಹೊರಗಿನಿಂದ ತರಿಸಿತು. ಅದರಲ್ಲಿ ಅಮೆರಿಕದ ಪಾಲು ದೊಡ್ಡದು. ಲೆಕ್ಕದಲ್ಲಿ ಅದು ಅಮೆರಿಕದ ಉತ್ಪಾದನೆ, ಕಾಗದವಾದದ್ದು ಚೀನಾದಲ್ಲಿ. 2018ರಲ್ಲಿ ಚೀನಾ ವಿಂಗಡಿಸದ ಮಿಶ್ರ ರದ್ದಿಯನ್ನು ತಡೆಯಿತು, 2021ರಿಂದ ಎಲ್ಲ ರದ್ದಿಯ ಆಮದನ್ನೂ ನಿಲ್ಲಿಸಿತು. ಅಮೆರಿಕದಲ್ಲಿ ಬೆಲೆ ಕುಸಿದು, ಮಾರಿ ಹಣ ಪಡೆಯುತ್ತಿದ್ದ ಎಷ್ಟೋ ಊರುಗಳು ಕೈಯಿಂದ ಹಣ ಕೊಟ್ಟು ಸಾಗಿಸಬೇಕಾಯಿತು. ಟೊಮೇಟೊ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ರದ್ದಿ ಹೆಚ್ಚಿದರೆ ಮರಕ್ಕೆ ಬೇಡಿಕೆಯೇ ಇಲ್ಲವೆಂದು ತಿಳಿಯಬೇಡಿ. ಪ್ರತಿ ಸಲ ಅರೆದಾಗಲೂ ನಾರು ತುಂಡಾಗಿ ಗಿಡ್ಡವಾಗುತ್ತದೆ. ಐದಾರು ಸುತ್ತಿನ ನಂತರ ಅದು ಕೆಲಸಕ್ಕೆ ಬಾರದು, ಹೊಸ ತಿರುಳು ಸೇರಲೇಬೇಕು. ಆದರೆ ದೇಶದ ಬೆಳವಣಿಗೆ ನಿಮ್ಮ ಹತ್ತಿರದ ಕಾರ್ಖಾನೆಯ ಜಾಮೀನಲ್ಲ. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್ 2015ರಲ್ಲಿ ಉತ್ಪಾದನೆ ನಿಲ್ಲಿಸಿದಾಗಲೂ ದೇಶದಲ್ಲಿ ಕಾಗದದ ಬಳಕೆ ಏರುತ್ತಲೇ ಇತ್ತು.

ಮರ ನೆಡಿಸಲು ಬಂದವರನ್ನು ಕೂರಿಸಿ ಕೇಳಿ: ಆ ಶೇಕಡಾ ಯಾವುದರದು, ಯಾವ ವರ್ಷದಿಂದ, ಟನ್ನಿನಲ್ಲಿ ಎಷ್ಟು? ಕಡಿಯುವ ಹೊತ್ತಿಗೆ ಕೊಳ್ಳುವವರು ಯಾರು, ಎಷ್ಟು ಮೈಲಿ ಸಾಗಿಸಬೇಕು? ಅವರು ಹೇಳುವ ಬೆಲೆ ಹೊಲದಲ್ಲಿ ಕೊಡುವುದೋ ಕಾರ್ಖಾನೆಯ ಬಾಗಿಲಲ್ಲಿ ಕೊಡುವುದೋ ಎಂಬುದನ್ನು ಕರಾರಿನಲ್ಲಿ ಬರೆಸಿಕೊಳ್ಳಿ.